ಗಾರೆ ಉದುರಿದ ಗೋಡೆಯಿಂದ ಶುರುಮಾಡಿ

ಪ್ರಶ್ನೆ: ಪತಿಯ ಕೆಲಸದ ನಿಮಿತ್ತ ಎರಡು ವರ್ಷದಿಂದ ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದಲ್ಲಿದ್ದೇನೆ. ಊರು ಕ್ರಿಶ್ಚಿಯನ್‌ಸ್ಟೆಡ್. ಮದುವೆಗೆ ಮುಂಚೆ ಚಿತ್ರಕಲೆ ಡಿಪ್ಲೊಮಾ ಮಾಡಿದ್ದೆ. ಹಳೆಯ ನಕ್ಷೆ, ಫೋಟೊ, ಕೈಬರಹದ ಕಾಗದಗಳನ್ನು ಒಂದರ ಮೇಲೊಂದು ಅಂಟಿಸಿ, ಬಣ್ಣ ಹಚ್ಚಿ ಈ ಊರಿನ ಚರಿತ್ರೆ ಹೇಳುವ ಕೃತಿಗಳನ್ನು ಮಾಡಬೇಕೆಂಬ ಆಸೆ. ಐದು ಮಾಡಿದೆ. ಮೂರು ಕೆಸರಿನಂತಾದವು, ಎರಡು ಪ್ರವಾಸಿಗರಿಗೆ ಮಾರುವ ಕಾರ್ಡಿನಂತೆ ಕಂಡವು. ಎಲ್ಲಿ ತಪ್ಪುತ್ತಿದ್ದೇನೆ? ಇನ್ನೊಂದು ಮಾತು, ಹೊರಗಿನಿಂದ ಬಂದ ನನಗೆ ಈ ಕಥೆ ಹೇಳುವ ಹಕ್ಕು ಇದೆಯೇ?

ಉತ್ತರ: ನೀವು ಕಳಿಸಿದ ಐದೂ ಫೋಟೊಗಳನ್ನು ದೊಡ್ಡದು ಮಾಡಿಕೊಂಡು ನಿಧಾನವಾಗಿ ನೋಡಿದೆ. ಕೈ ಚೆನ್ನಾಗಿ ಪಳಗಿದೆ, ಕಾಗದ ಕತ್ತರಿಸಿದ ಅಂಚುಗಳಲ್ಲಿ ಅದು ಗೊತ್ತಾಗುತ್ತದೆ. ತಪ್ಪುತ್ತಿರುವುದು ಕ್ರಮ. ಐದರಲ್ಲೂ ಅಡಿಯಲ್ಲಿ ಹಳೆಯ ನಕ್ಷೆ, ಅದರ ಮೇಲೆ ಮಸುಕಾದ ಕೈಬರಹ, ಎಲ್ಲಕ್ಕಿಂತ ಮೇಲೆ ಹಳದಿ ಕೋಟೆ ಮತ್ತು ನೀಲಿ ಸಮುದ್ರ. ಊರಿನಲ್ಲಿ ಈಗಾಗಲೇ ಮೇಲೆ ಕೂತಿರುವುದನ್ನೇ ನೀವೂ ಮೇಲೆ ಕೂರಿಸಿದ್ದೀರಿ. ಹಡಗಿಳಿದು ಬಂದ ಪ್ರವಾಸಿಗೆ ಮೊದಲು ಕಾಣುವುದೂ ಅದೇ ಹಳದಿ, ಅದೇ ನೀಲಿ. ಆದ್ದರಿಂದ ಕಾರ್ಡಿನಂತೆ ಕಂಡಿತು.

ಪದರ ಪದರವಾಗಿ ಕೆಲಸ ಮಾಡುವಾಗ ನಾವು ಒಂದೊಂದಾಗಿ ಸೇರಿಸುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಆದರೆ ಮೇಲೆ ಬಂದದ್ದೆಲ್ಲ ಕೆಳಗಿನದನ್ನು ಮುಚ್ಚುತ್ತಲೇ ಬರುತ್ತದೆ. ಯಾರು ಯಾರನ್ನು ಮುಚ್ಚಿದರು ಅನ್ನುವುದೇ ನಿಮ್ಮ ಊರಿನ ಚರಿತ್ರೆ. ಹಾಗಾಗಿ ಏನೇನು ಅಂಟಿಸಬೇಕು ಎಂಬ ಪಟ್ಟಿಗಿಂತ, ಯಾವುದು ಯಾವುದರ ಮೇಲೆ ಬರಬೇಕು, ಎಲ್ಲಿ ಕೆರೆದು ತೆಗೆಯಬೇಕು ಎಂಬ ನಿರ್ಧಾರಕ್ಕೆ ಹೆಚ್ಚು ಸಮಯ ಕೊಡಿ. ನಾನು ಹೇಳಬೇಕಾದ್ದರ ತಿರುಳು ಇಷ್ಟೇ. ಉಳಿದದ್ದನ್ನು ಬಿಡಿಸಿ ಹೇಳುತ್ತೇನೆ.

ಆ ದ್ವೀಪಕ್ಕೆ ನಾನು ಹೋದದ್ದು ಒಂದೇ ಸಲ, ಹತ್ತು ದಿನ. ಅದರಲ್ಲಿ ಎರಡು ಬೆಳಿಗ್ಗೆ ಒಂದು ಪಾಳು ಮನೆಯ ಗೋಡೆಯ ಮುಂದೆ ಕಳೆದೆ. ಕಂಪನಿ ಬೀದಿಯಿಂದ ಸ್ವಲ್ಪ ಒಳಗಿತ್ತು ಆ ಮನೆ. ಮೇಲ್ಮೈಗೆ ತೆಳು ಹಳದಿ ಬಣ್ಣ. ಅದು ಎದ್ದುಹೋದ ಕಡೆ ಒಳಗಿನಿಂದ ಹಳೆಯ ಗುಲಾಬಿ ಬಣ್ಣ. ಅದರ ಹಿಂದೆ ಬೆರಳಿಟ್ಟರೆ ಪುಡಿ ಅಂಟುವ ಸುಣ್ಣದ ಗಾರೆ. ಗಾರೆ ಉದುರಿದಲ್ಲಿ ನಮ್ಮ ಇಟ್ಟಿಗೆಗಿಂತ ಚಿಕ್ಕದಾದ, ಒಣಗಿದ ನಿಂಬೆಯ ಸಿಪ್ಪೆ ಬಣ್ಣದ ಇಟ್ಟಿಗೆಗಳು. ಇಟ್ಟಿಗೆಗಳ ನಡುವೆ ಒಂದು ದೊಡ್ಡ ಕಲ್ಲು, ಅದರ ಮೈತುಂಬ ಮೆದುಳಿನ ಮಡಿಕೆಗಳಂತೆ ಸುತ್ತಿ ಸುತ್ತಿ ಹೋಗುವ ಗೆರೆಗಳು. ಕಲ್ಲು ಅಂತ ಮುಟ್ಟಿದೆ. ಅದು ಹವಳ, ಒಂದು ಕಾಲಕ್ಕೆ ಜೀವ ಇದ್ದದ್ದು.

ಆ ಗೋಡೆ ನಿಮಗೆ ಬೇಕಾದ ಪಾಠವನ್ನೆಲ್ಲ ಹೇಳುತ್ತದೆ. ಹಳದಿ ಇಟ್ಟಿಗೆ ಆಗ ದ್ವೀಪವನ್ನು ಆಳುತ್ತಿದ್ದ ಡೆನ್ಮಾರ್ಕಿನಿಂದ ಹಡಗಿನ ತಳದಲ್ಲಿ ಭಾರಕ್ಕೆಂದು ಬಂದದ್ದು. ಹಡಗು ವಾಲದಿರಲಿ ಎಂದು ತುಂಬಿದ ಇಟ್ಟಿಗೆ ಇಲ್ಲಿ ಇಳಿಯಿತು, ವಾಪಸು ಹೋಗುವಾಗ ಆ ಜಾಗದಲ್ಲಿ ಸಕ್ಕರೆ ಮತ್ತು ರಮ್ ತುಂಬಿತು. ಹವಳವನ್ನು ಸಮುದ್ರದಲ್ಲಿ ನಿಂತು ಕಡಿದು ತಂದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅದೇ ಹವಳವನ್ನೂ ಚಿಪ್ಪನ್ನೂ ಸುಟ್ಟು ಸುಣ್ಣ ಮಾಡಿದರು. ನಮ್ಮಲ್ಲಿ ಹಳೆಯ ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದ ಹಾಗೆ ಅಲ್ಲಿ ಕಾಕಂಬಿ ಬೆರೆಸುತ್ತಿದ್ದರು ಎಂದು ಊರವರು ಗೋಡೆ ತೋರಿಸಿ ಹೇಳುತ್ತಾರೆ. ಅಂದರೆ ಗೋಡೆಯ ಒಳಗೆ ಕೂಡ ಕಬ್ಬು ಇದೆ. ಕೊನೆಗೆ ಎಲ್ಲದರ ಮೇಲೆ ನುಣುಪಾದ ಗಾರೆ, ಚೆಂದದ ಬಣ್ಣ. ಕೆಲಸ ಮಾಡಿದವರ ಕೈ ಒಳಗೆ ಹೋಯಿತು, ಮಾಡಿಸಿದವರ ರುಚಿ ಹೊರಗೆ ಬಂತು.

ಅದಕ್ಕೇ ಹೇಳುವುದು, ನಕ್ಷೆಯನ್ನು ಅಡಿಯಲ್ಲಿ ಹಾಕಬೇಡಿ.

ಹಳೆಯ ನಕ್ಷೆ ಸಿಕ್ಕಿದ ಕೂಡಲೇ ಅದನ್ನು ಹಿನ್ನೆಲೆಯಾಗಿ ಅಂಟಿಸುವುದು ಬಹುತೇಕ ಎಲ್ಲರಿಗೂ ಅಭ್ಯಾಸ. ಕಂದು ಬಣ್ಣ, ಬಳುಕುವ ಅಕ್ಷರ, ನೋಡಲು ಹಿತ. ಆದರೆ ಅಲ್ಲಿ ನಡೆದದ್ದೇನು? ಡ್ಯಾನಿಶ್ ವೆಸ್ಟ್ ಇಂಡಿಯಾ ಮತ್ತು ಗಿನಿ ಕಂಪನಿ 1733ರಲ್ಲಿ ಫ್ರೆಂಚರಿಂದ ಈ ದ್ವೀಪವನ್ನು ದುಡ್ಡು ಕೊಟ್ಟು ಕೊಂಡಿತು. ಆಮೇಲೆ ಇಡೀ ದ್ವೀಪದ ಮೇಲೆ ದಾರ ಎಳೆದ ಹಾಗೆ ಆಯತಾಕಾರದ ತೋಟಗಳನ್ನು ಗುರುತಿಸಿದರು. ಒಂದೊಂದು ಸುಮಾರು 2000 ಅಡಿ ಅಗಲ, 3000 ಅಡಿ ಉದ್ದ. ಗುಡ್ಡ, ಹಳ್ಳ, ಕಾಡು ಏನೂ ಲೆಕ್ಕಕ್ಕೆ ಬರಲಿಲ್ಲ. ಬೆಕ್ ಎಂಬಾತ 1754ರಲ್ಲಿ ಅಚ್ಚು ಹಾಕಿಸಿದ ನಕ್ಷೆಯಲ್ಲಿ ಆ ಆಯತಗಳನ್ನು ಕಾಣಬಹುದು. ಪಟ್ಟಣಕ್ಕೂ ಅದೇ ನೇರ ಗೆರೆ: ರಾಜಬೀದಿ, ರಾಣಿಬೀದಿ, ಕಂಪನಿ ಬೀದಿ, ಸಮುದ್ರದ ಅಂಚಿಗೆ ಸ್ಟ್ರಾಂಡ್ ಬೀದಿ. ಆಗಿನ ದೊರೆ ಆರನೆಯ ಕ್ರಿಶ್ಚಿಯನ್‌ನ ಹೆಸರನ್ನೇ ಊರಿಗಿಟ್ಟರು. ಅಂದರೆ ನಕ್ಷೆ ನೆಲದ ಅಡಿಯಿಂದ ಹುಟ್ಟಿದ್ದಲ್ಲ, ನೆಲದ ಮೇಲೆ ಹಾಸಿದ್ದು. ನಿಮ್ಮ ಹಲಗೆಯ ಮೇಲೂ ಅದು ಹಾಗೆಯೇ ಬರಲಿ. ತೆಳು ಟಿಶ್ಯೂ ಕಾಗದದ ಮೇಲೆ ನಕ್ಷೆಯ ಗೆರೆಗಳನ್ನು ಮಾತ್ರ ಪ್ರಿಂಟ್ ಮಾಡಿ, ಕೃತಿ ಮುಕ್ಕಾಲು ಭಾಗ ಮುಗಿದ ಮೇಲೆ ಹಾಸಿ. ಮೀಡಿಯಂ (ಬಣ್ಣಕ್ಕೆ ಬೆರೆಸುವ, ಅಂಟಾಗಿಯೂ ಬಳಸುವ ಅಕ್ರಿಲಿಕ್ ದ್ರವ) ಒಣಗಿದಾಗ ಟಿಶ್ಯೂ ಹೆಚ್ಚುಕಡಿಮೆ ಮಾಯವಾಗಿ ಗೆರೆಗಳಷ್ಟೇ ಉಳಿಯುತ್ತವೆ. ಕೆಳಗಿರುವ ಬದುಕಿನ ಮೇಲೆ ಬಲೆ ಬೀಸಿದ ಹಾಗೆ ಕಾಣುತ್ತದೆ. ಒಮ್ಮೆ ಮಾಡಿ ನೋಡಿ, ಇಷ್ಟು ಬದಲಿಸಿದರೇ ನಿಮ್ಮ ಎರಡನೆಯ ಕೃತಿ ಬೇರೆಯದೇ ಆಗುತ್ತದೆ.

ಹಾಗಾದರೆ ಅಡಿಯಲ್ಲಿ ಏನು? ಎಲ್ಲಕ್ಕಿಂತ ಗಾಢವಾದದ್ದು, ಎಲ್ಲಕ್ಕಿಂತ ಬಿಸಿಯಾದದ್ದು. ದಾಖಲೆಯಲ್ಲಿ ಯಾವುದಕ್ಕೆ ಜಾಗ ಕಡಿಮೆಯೋ ಅದಕ್ಕೆ ನಿಮ್ಮ ಅಡಿಪಾಯದಲ್ಲಿ ಅತಿ ಹೆಚ್ಚು ಬಣ್ಣ ಕೊಡಿ. ಮೂಲನಿವಾಸಿಗಳು ದ್ವೀಪವನ್ನು ಆಯ್ ಆಯ್ ಎಂದು ಕರೆಯುತ್ತಿದ್ದರು. 1493ರ ನವೆಂಬರ್ 14ರಂದು ಕೊಲಂಬಸ್‌ನ ಜನ ಸಾಲ್ಟ್ ರಿವರ್ ಕೊಲ್ಲಿಯಲ್ಲಿ ಇಳಿದಾಗ ಅಲ್ಲಿ ಹಳ್ಳಿಯಿತ್ತು, ಜಗಳವೂ ಆಯಿತು. ಆಮೇಲೆ ಸ್ಪೇನ್, ಇಂಗ್ಲೆಂಡ್, ಹಾಲೆಂಡ್, ಫ್ರಾನ್ಸ್, ಮಾಲ್ಟಾದ ನೈಟ್‌ಗಳು, ಡೆನ್ಮಾರ್ಕ್, ಅಮೆರಿಕ ಎಂದು ಏಳು ಬಾವುಟಗಳು. ಈ ಏಳನ್ನೂ ಕೃತಿಯಲ್ಲಿ ತುರುಕಲು ಹೋಗಬೇಡಿ, ಶಾಲೆಯ ಚಾರ್ಟ್ ಆಗಿಬಿಡುತ್ತದೆ. ಒಂದು ಹೆಸರು ಸಾಕು: ಫ್ರೆಂಚರ ಕಾಲದಲ್ಲಿ ಆ ಬಂದರಿನ ನೆಲೆಗೆ ಬಾಸಿನ್ ಎಂದು ಹೆಸರಿತ್ತು. ರಾಜನ ಹೆಸರು ಮೇಲೆ ಕೂತರೂ ಊರವರ ಬಾಯಲ್ಲಿ ಬಾಸಿನ್ ಉಳಿಯಿತು. ನೀವೂ ಕೇಳಿರುತ್ತೀರಿ. ಬರೆದ ಹೆಸರಿನ ಅಡಿಯಲ್ಲಿ ಆಡುವ ಹೆಸರು! ಇಂಥದ್ದು ಸಿಕ್ಕಿದರೆ ಬಿಡಬಾರದು.

ಫ್ರೀ ಗಟ್ ಎಂಬ ಓಣಿಯಲ್ಲಿ ಓಡಾಡಿದ್ದೀರಾ? ಬಿಡುಗಡೆ ಪಡೆದ ಕರಿಯರು ವಾಸಿಸಬೇಕೆಂದು ಡ್ಯಾನಿಶ್ ಆಡಳಿತ ಊರಂಚಿನಲ್ಲಿ ಗುರುತಿಸಿದ ಜಾಗ ಅದು. ರಾಜಬೀದಿಯ ಕಮಾನುಗಳ ಗಾಂಭೀರ್ಯ ಅಲ್ಲಿಲ್ಲ, ಚಿಕ್ಕ ಮರದ ಮನೆಗಳ ಜಾಗ. ನಿಮ್ಮ ಐದು ಕೃತಿಗಳಲ್ಲಿ ಅದರ ಸುಳಿವೇ ಇಲ್ಲ. ಮರದ ಹಲಗೆಯ ಎಳೆಗಳ ಮೇಲೆ ಕಾಗದವಿಟ್ಟು ಸೀಸದ ಕಡ್ಡಿಯಿಂದ ಉಜ್ಜಿದರೆ ಬರುವ ಗುರುತು, ಅಷ್ಟೇ ಸಾಕು ಆ ಓಣಿಯನ್ನು ಕರೆತರಲು. ಮನೆಯವರನ್ನು ಕೇಳಿ ಮಾಡಿ. ಕೋಟೆಯ ಸುತ್ತಲಿನ ಸುಮಾರು ಏಳು ಎಕರೆ ರಾಷ್ಟ್ರೀಯ ಚಾರಿತ್ರಿಕ ತಾಣವಾದ್ದರಿಂದ ಅಲ್ಲಿ ಗೋಡೆ ಮುಟ್ಟುವ ಕೆಲಸಕ್ಕೆ ಸಿಬ್ಬಂದಿಯ ಅನುಮತಿ ಕೇಳಲೇಬೇಕು. ಅಲ್ಲಿಂದ ಒಂದು ಚೂರು ಇಟ್ಟಿಗೆಯನ್ನೂ ಮನೆಗೆ ತರುವಂತಿಲ್ಲ.

ಈಗ ಕೆಸರಿನ ಮಾತು. ಮೂರು ಕೃತಿಗಳು ಕೆಸರಾಗಲು ಕಾರಣ ಒಂದೇ: ಪ್ರತಿ ಪದರವೂ ನಡುಛಾಯೆ. ನಕ್ಷೆಯ ಕಂದು, ಹಳೆಯ ಫೋಟೊದ ಬೂದು, ಕೈಬರಹದ ಕಂದುಕಪ್ಪು, ಎಲ್ಲವೂ ಬೆಳಕು ಕತ್ತಲೆಗಳ ಮಧ್ಯದಲ್ಲೇ ನಿಂತಿವೆ. ಕಣ್ಣು ಅರೆಮುಚ್ಚಿ ನೋಡಿ, ಇಡೀ ಹಲಗೆ ಒಂದೇ ಮುದ್ದೆಯಾಗಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆಯುವ ಮುಂಚೆಯೇ ತೀರ್ಮಾನಿಸಿ: ಇದು ಬರೀ ಗೆರೆ, ಇದು ಬರೀ ಕಪ್ಪು, ಇದು ಬರೀ ತೆಳು ಛಾಯೆ. ಫೋಟೊದ ನಡುವಿನ ಬೂದನ್ನೆಲ್ಲ ತೆಗೆದು ಅಚ್ಚ ಕಪ್ಪು ಬಿಳುಪಾಗಿಸಿದರೆ ಅದು ಕಡಿಮೆ ಜಾಗದಲ್ಲಿ ಹೆಚ್ಚು ಮಾತಾಡುತ್ತದೆ.

ಇನ್ನೊಂದು ಉಪಾಯ ಸುಣ್ಣದ ಗೋಡೆಯಿಂದಲೇ ಬಂದದ್ದು. ಒಂದು ಹಂತ ಮುಗಿದು ಚೆನ್ನಾಗಿ ಒಣಗಿದ ಮೇಲೆ, ಮ್ಯಾಟ್ ಮೀಡಿಯಮ್ಮಿಗೆ ಚೂರೇ ಚೂರು ಬಿಳಿ ಬೆರೆಸಿ, ಮಜ್ಜಿಗೆ ನೀರಿನಷ್ಟು ತೆಳು ಮಾಡಿ, ಇಡೀ ಹಲಗೆಗೆ ಒಂದು ಕೈ ಎಳೆಯಿರಿ. ಕೆಳಗಿನದೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಮೇಲೆ ಹೊಸದನ್ನು ಇಡಲು ಜಾಗವಾಗುತ್ತದೆ. ಹೀಗೆ ಎರಡು ಮೂರು ಸಲ. ನಂತರ ನೀರಿನಲ್ಲಿ ನೆನೆಸಿದ 220 ನಂಬರಿನ ಸ್ಯಾಂಡ್ ಪೇಪರ್ ಹಿಡಿದು ಆಯ್ದ ಜಾಗಗಳಲ್ಲಿ ಉಜ್ಜಿ ಕೆಳಗಿನ ಬಿಸಿ ಬಣ್ಣವನ್ನು ಮತ್ತೆ ಹೊರತನ್ನಿ, ಕೊನೆಗೆ 400ರಲ್ಲಿ ನಯಮಾಡಿ. ಎಲ್ಲೆಂದರಲ್ಲಿ ಉಜ್ಜಬೇಡಿ. ಹಳೆಯದರಂತೆ ಕಾಣಲಿ ಎಂದು ಉಜ್ಜಿದ್ದು ನಾಟಕದ ಸೆಟ್ಟಿನಂತೆ ಕಾಣುತ್ತದೆ. ಕೆಳಗಿರುವವರು ಯಾರು ಎಂದು ಗೊತ್ತಿದ್ದು, ಅವರನ್ನು ಹೊರತರಲೆಂದು ಉಜ್ಜಿದ ಜಾಗ ನೋಡುವವರ ಕಣ್ಣನ್ನು ಹಿಡಿಯುತ್ತದೆ.

ಪ್ರಿಂಟ್ ಬಗ್ಗೆ: ಮನೆಯ ಇಂಕ್‌ಜೆಟ್ ಪ್ರಿಂಟರಿನ ಮಾಮೂಲಿ ಶಾಯಿ ಮೀಡಿಯಂ ತಾಗಿದೊಡನೆ ಹರಡಿಕೊಳ್ಳುತ್ತದೆ. ನಿಮ್ಮ ನಾಲ್ಕನೆಯ ಕೃತಿಯ ನೇರಳೆ ಕಲೆ ಅದೇ ಎಂದು ನನ್ನ ಊಹೆ. ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸಿ, ಅದರ ಪುಡಿಶಾಯಿ, ಅಂದರೆ ಟೋನರ್, ಕದಲುವುದಿಲ್ಲ. ಕಾಗದವೇ ಬೇಡ, ಚಿತ್ರ ಮಾತ್ರ ಬೇಕು ಎಂದರೆ ಹಲಗೆಗೆ ಮೀಡಿಯಂ ದಪ್ಪವಾಗಿ ಬಳಿದು ಲೇಸರ್ ಪ್ರಿಂಟನ್ನು ಮುಖ ಕೆಳಗೆ ಮಾಡಿ ಒತ್ತಿ, ಗಾಳಿಗುಳ್ಳೆ ಇಲ್ಲದಂತೆ ಸವರಿ, ಒಂದು ರಾತ್ರಿ ಬಿಡಿ. ಮರುದಿನ ಒದ್ದೆ ಬಟ್ಟೆ ಒತ್ತಿ ಕಾಗದವನ್ನು ಬೆರಳ ತುದಿಯಿಂದ ಉಜ್ಜುತ್ತ ಹೋದರೆ ಅದು ಹಿಟ್ಟಿನ ಎಳೆಯಂತೆ ಸುರುಳಿಯಾಗಿ ಬಂದುಬಿಡುತ್ತದೆ, ಚಿತ್ರ ಅಲ್ಲೇ ಉಳಿಯುತ್ತದೆ. ಚಿತ್ರ ತಿರುವುಮುರುವಾಗಿ ಬರುವುದರಿಂದ ಅಕ್ಷರಗಳಿದ್ದರೆ ಪ್ರಿಂಟ್ ಮಾಡುವಾಗಲೇ ಕನ್ನಡಿಯ ಹಾಗೆ ತಿರುಗಿಸಿಕೊಳ್ಳಿ. ಅಲ್ಲಲ್ಲಿ ಸ್ವಲ್ಪ ಕಿತ್ತುಬಂದರೆ ಬೇಸರ ಬೇಡ, ನಿಮ್ಮ ವಿಷಯಕ್ಕೆ ಅದು ಒಪ್ಪುತ್ತದೆ.

ಸಮುದ್ರದ ಗಾಳಿ, ಉಪ್ಪು, ತೇವ ಇರುವ ಊರು ನಿಮ್ಮದು. ತೆಳು ಕಾಗದದ ಮೇಲೆ ಇಷ್ಟೆಲ್ಲ ಹೊರಿಸಿದರೆ ಮುದುಡುತ್ತದೆ. ಪ್ಲೈವುಡ್ ಹಲಗೆಗೆ ಹಿಂದೆ ಮುಂದೆ, ಅಂಚಿಗೂ ಸೇರಿಸಿ ಜೆಸ್ಸೊ, ಅಂದರೆ ಬಣ್ಣಕ್ಕೆ ಮುಂಚೆ ಹಚ್ಚುವ ಬಿಳಿ ತಳಲೇಪ, ಬಳಿದುಕೊಳ್ಳಿ. ಮೈದಾ ಅಂಟು ಬಳಸಬೇಡಿ, ಹುಳವೂ ಬೂಷ್ಟೂ ಹುಡುಕಿಕೊಂಡು ಬರುತ್ತವೆ. ನಮ್ಮ ಹಳೆಯ ಬೈಂಡಿಂಗಿನವರು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಹುಳ ಬರುವುದಿಲ್ಲ ನಿಜ, ಆದರೆ ತಾಮ್ರದ ಅಂಶ ವರ್ಷಗಳು ಕಳೆದಂತೆ ಕಾಗದವನ್ನೇ ಕಂದಿಸಿ ಪುಡಿಮಾಡುತ್ತದೆ. ಬಾಳಬೇಕಾದ ಕೃತಿಗೆ ನಾನು ಹಾಕುವುದಿಲ್ಲ. ಮೇಣದ ಪದರಗಳ ಆಸೆಯೂ ನಿಮ್ಮ ಪತ್ರದಲ್ಲಿತ್ತು. ಮೇಣ ನೋಡಲು ಸೊಗಸು, ಹಾಲಿನೊಳಗೆ ಚಿತ್ರ ತೇಲಿದಂತಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಒಂದು ಗಂಟೆ ಬಿಟ್ಟರೆ ಆ ಸೊಗಸು ಸೀಟಿನ ಮೇಲಿರುತ್ತದೆ. ಆ ಹವೆಗೆ ಅದು ಬೇಡ.

ಬೇರೆ ಬೇರೆ ಕಾಲದ ನಕ್ಷೆಗಳನ್ನು ಒಂದರ ಮೇಲೊಂದು ಕೂರಿಸುವುದು ಹೇಗೆ ಎಂದು ಕೇಳಿದ್ದಿರಿ. ಎಲ್ಲದರಲ್ಲೂ ಜಾಗ ಬದಲಿಸದ ಒಂದು ಗುರುತು ಬೇಕು. ನಿಮ್ಮ ಬಂದರಿನ ನಡುವೆ ಪ್ರಾಟೆಸ್ಟಂಟ್ ಕೇ ಎಂಬ ಪುಟ್ಟ ದ್ವೀಪ ಇದೆಯಲ್ಲ, ಹೋಟೆಲ್ ಕಟ್ಟಿದ್ದು, ಅದನ್ನೇ ಗೂಟ ಮಾಡಿಕೊಳ್ಳಿ. ಕೋಟೆಯ ಒಂದು ಮೂಲೆಯನ್ನು ಎರಡನೆಯ ಗೂಟ ಮಾಡಿ. ಆ ಎರಡು ಚುಕ್ಕೆ ಪ್ರತಿ ಪ್ರಿಂಟಿನಲ್ಲೂ ಒಂದೇ ಅಂತರದಲ್ಲಿ ಬರುವಂತೆ ಅಳತೆ ಸರಿಮಾಡಿ, ಗುಂಡುಸೂಜಿ ಚುಚ್ಚಿ ಕೂರಿಸಿ. ಕ್ಯಾಥೊಲಿಕ್ ಫ್ರೆಂಚರ ಆಳ್ವಿಕೆಯಲ್ಲಿ ಪ್ರಾಟೆಸ್ಟಂಟರ ಹೆಣಗಳನ್ನು ಅಲ್ಲಿ ಹೂಳುತ್ತಿದ್ದರು, ಹೆಸರು ಅದರಿಂದ ಬಂತು ಎನ್ನುತ್ತಾರೆ. ಈಜಲು ಬಂದವರು ಒರಗಿ ಕೂರುವ ಮರಳು ಅದು. ನಿಮ್ಮ ಸೂಜಿ ಚುಚ್ಚಿದ ತೂತನ್ನು ಮುಚ್ಚದೆ ಹಾಗೇ ಬಿಟ್ಟರೂ ನನಗೆ ಇಷ್ಟವೇ.

ಸಾಮಗ್ರಿ ಎಲ್ಲಿ ಸಿಗುತ್ತದೆ ಎಂಬ ಚಿಂತೆ ನಿಮಗೆ ಬೇಕಿಲ್ಲ. ದ್ವೀಪ ಅಮೆರಿಕಕ್ಕೆ ಮಾರಾಟವಾಗಿ ನೂರು ವರ್ಷವಾದ 2017ರಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ದಾಖಲಾಲಯ ವೆಸ್ಟ್ ಇಂಡೀಸಿನ ಕಡತಗಳ ಸುಮಾರು 50 ಲಕ್ಷ ಪುಟಗಳನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ನೋಡುವಂತೆ ಇಂಟರ್ನೆಟ್ಟಿಗೆ ಹಾಕಿತು. ಆದರೆ ಅದರಲ್ಲಿ ಇಳಿಯುವ ಮುಂಚೆ ನನ್ನದೊಂದು ತಪ್ಪನ್ನು ಹೇಳಬೇಕು.

ಮೊದಲ ಸಲ ಆ ಪುಟಗಳನ್ನು ತೆರೆದಾಗ ಒಂದು ತೋಟದ ಆಸ್ತಿಪಟ್ಟಿ ಸಿಕ್ಕಿತು. ಹಸು, ಕಡಾಯಿ, ಗಾಣಗಳ ಸಾಲಿನಲ್ಲೇ ಮನುಷ್ಯರ ಹೆಸರು, ವಯಸ್ಸು, ಬೆಲೆ. ಬರವಣಿಗೆ ಬಹಳ ಸುಂದರವಾಗಿತ್ತು. ನಾನು ಆ ಸಾಲುಗಳನ್ನು ಹಿಗ್ಗಿಸಿ ಒಂದು ದೊಡ್ಡ ಕೃತಿಯ ತುಂಬ ವಿನ್ಯಾಸದಂತೆ ಹರಡಿದೆ. ಪ್ರದರ್ಶನದಲ್ಲಿ ಹಿರಿಯ ಹೆಂಗಸೊಬ್ಬರು ಬಹಳ ಹೊತ್ತು ಅದರ ಮುಂದೆ ನಿಂತಿದ್ದು, ನನ್ನನ್ನು ಕರೆದು ಒಂದು ಹೆಸರಿನ ಮೇಲೆ ಬೆರಳಿಟ್ಟು "ಇವಳು ಯಾರಪ್ಪಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಹೆಸರಿನ ಪಕ್ಕದಲ್ಲಿದ್ದ ವಯಸ್ಸನ್ನೂ ನಾನು ಓದಿರಲಿಲ್ಲ. ಪಟ್ಟಿ ಬರೆದ ಗುಮಾಸ್ತ ಅವಳನ್ನು ಒಂದು ಸಾಲು ಮಾಡಿದ್ದ, ನಾನು ಅವಳನ್ನು ಗೋಡೆಕಾಗದ ಮಾಡಿದ್ದೆ. ಆ ಕೃತಿಯನ್ನು ಮಾರಲಿಲ್ಲ, ಮತ್ತೆ ತೋರಿಸಲೂ ಇಲ್ಲ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಒಂದು ಕೃತಿಯಲ್ಲಿ ಒಂದೇ ಹೆಸರು, ಅದೂ ಕೈಯಿಂದ ಬರೆದದ್ದು, ಆ ವ್ಯಕ್ತಿಯ ಬಗ್ಗೆ ಕಾಗದಗಳಲ್ಲಿ ಸಿಗುವಷ್ಟನ್ನೂ ಓದಿಯಾದ ಮೇಲೆ. ನೀವೂ ಹಾಗೆ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ತೋಟಗಳ ಹೆಸರಿನ ವಿಷಯವೂ ಹೀಗೇ. ಅಪ್ಪರ್ ಲವ್, ಆನ್ನಾಸ್ ಹೋಪ್, ಜೂಡಿತ್ಸ್ ಫ್ಯಾನ್ಸಿ, ಜೆಲಸಿ, ಸಾಲಿಟ್ಯೂಡ್. ಮೇಲಿನ ಪ್ರೀತಿ, ಆನ್ನಳ ಆಸೆ, ಜೂಡಿತಳ ಮೋಹ, ಹೊಟ್ಟೆಕಿಚ್ಚು, ಏಕಾಂತ. ಈಗಲೂ ವಿಳಾಸಗಳಲ್ಲಿ ಬಳಕೆಯಲ್ಲಿರುವ ಇವು ಕೇಳಲು ಕವಿತೆಯ ಹಾಗಿವೆ, ಕಲಾವಿದರಿಗೆ ಬಾಯಲ್ಲಿ ನೀರೂರುತ್ತದೆ. ಇಟ್ಟವರು ತೋಟದ ಧಣಿಗಳು ಎಂಬುದನ್ನು ಮರೆಯದೆ ಬಳಸಿ. ಪಾರದರ್ಶಕ ಕಾಗದದ ಮೇಲೆ ಆ ಚೆಂದದ ಹೆಸರು, ನೇರ ಅದರ ಅಡಿಯಲ್ಲಿ ಅಲ್ಲಿ ದುಡಿದ ಒಬ್ಬರ ಹೆಸರು. ಬೇರೆ ವಿವರಣೆ ಬೇಕಾಗುವುದಿಲ್ಲ.

ಇಡೀ ಊರಿನ ಕಥೆಯನ್ನು ಒಂದು ಹಲಗೆಗೆ ತರುವ ಆಸೆಯನ್ನು ಸದ್ಯ ಬಿಡಿ. ಒಂದು ಕಟ್ಟಡ ಆರಿಸಿಕೊಳ್ಳಿ. ಸ್ಟೀಪಲ್ ಬಿಲ್ಡಿಂಗ್ ಇದೆ: 1753ರಲ್ಲಿ ಲುಥೆರನ್ ಚರ್ಚಾಗಿ ಶುರುವಾಯಿತು, ಗೋಪುರ ಆಮೇಲೆ ಬಂತು, ನಂತರ ಅದೇ ಕಟ್ಟಡ ಸೈನ್ಯದ ಬೇಕರಿಯಾಯಿತು, ಆಸ್ಪತ್ರೆಯಾಯಿತು, ಶಾಲೆಯಾಯಿತು. ಪ್ರಾರ್ಥನೆಯ ಜಾಗದಲ್ಲಿ ರೊಟ್ಟಿಯ ವಾಸನೆ, ಅದರ ಮೇಲೆ ಔಷಧಿಯದು, ಅದರ ಮೇಲೆ ಮಕ್ಕಳ ಗದ್ದಲ. ಪದರಗಳು ತಾವಾಗಿಯೇ ಕೂತಿವೆ. ಎದುರಿಗೇ 1749ರ ಕಂಪನಿ ಉಗ್ರಾಣ. ಅದರ ಅಂಗಳದಲ್ಲಿ ಹಡಗಿನಿಂದ ಇಳಿಸಿದ ಮನುಷ್ಯರನ್ನು ಹರಾಜು ಹಾಕುತ್ತಿದ್ದರು. ಮಧ್ಯಾಹ್ನ ನೆರಳಿನಲ್ಲಿ ಆ ಅಂಗಳ ಎಷ್ಟು ಶಾಂತವಾಗಿರುತ್ತದೆಂದರೆ, ಆ ಶಾಂತಿಯೇ ನನಗೆ ಹೊಟ್ಟೆ ಕಿವುಚಿದಂತಾಯಿತು. ಬಂದರಿನ ಬದಿಗೆ 1856ರ ತೂಕದ ಮನೆ. ಈ ಮೂರರಲ್ಲಿ ಯಾವುದೂ ಆಗಬಹುದು. ಕೋಟೆಯನ್ನು ಕೊನೆಗಿಡಿ, ಅದಕ್ಕೆ ಬೇಕಾದಷ್ಟು ಜನ ಚಿತ್ರ ಬರೆದಿದ್ದಾರೆ. ಮುಂದೆ ಅಮೆರಿಕದ ಮೊದಲ ಖಜಾನೆ ಮಂತ್ರಿಯಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಹುಡುಗನಾಗಿದ್ದಾಗ ಈ ಊರಿನಲ್ಲಿ ಗುಮಾಸ್ತನಾಗಿದ್ದ ಎಂದು ಎಲ್ಲರೂ ಹೇಳುತ್ತಾರೆ. ಅವನಿಗಿಂತ ಅವನ ತಾಯಿ ರೇಚಲ್ ನನ್ನನ್ನು ಕಾಡುತ್ತಾಳೆ. ಗಂಡನ ದೂರಿನ ಮೇಲೆ ಅವಳನ್ನು ಅದೇ ಹಳದಿ ಕೋಟೆಯಲ್ಲಿ ಕೂಡಿಹಾಕಿದ್ದರು.

ಒಂದು ತಿದ್ದುಪಡಿ. ಮೂರನೆಯ ಕೃತಿಯಲ್ಲಿ ಕೋಟೆಯ ಹಿಂದೆ ಬೆಂಕಿ ಹಾಕಿ 1878 ಎಂದು ಬರೆದಿದ್ದೀರಿ. ಜನ ಕ್ವೀನ್ ಮೇರಿ ಎಂದು ಕರೆದ ಕೂಲಿ ಹೆಂಗಸು ಮತ್ತು ಸಂಗಡಿಗರ ನಾಯಕತ್ವದಲ್ಲಿ ನಡೆದ ತೋಟದ ಕೂಲಿಗಳ ಆ ದಂಗೆ ಶುರುವಾದದ್ದು ದ್ವೀಪದ ಪಶ್ಚಿಮ ತುದಿಯ ಫ್ರೆಡೆರಿಕ್‌ಸ್ಟೆಡ್‌ನಲ್ಲಿ, ಉರಿದದ್ದು ಆ ಊರು ಮತ್ತು ತೋಟಗಳು. 1848ರ ಜುಲೈ 3ರಂದು ಸಾವಿರಾರು ಗುಲಾಮರು ಒಟ್ಟಾಗಿ ಬಂದು ಗವರ್ನರ್ ಫಾನ್ ಶೋಲ್ಟನ್ ಬಾಯಿಂದ ಬಿಡುಗಡೆಯ ಮಾತು ಹೊರಡಿಸಿದ್ದೂ ಅಲ್ಲೇ. ನಿಮ್ಮ ಊರಿನದೇ ಹೋರಾಟ ಬೇಕೆಂದರೆ ಡಿ. ಹ್ಯಾಮಿಲ್ಟನ್ ಜಾಕ್ಸನ್ ಇದ್ದಾರೆ. ಕೋಟೆಯ ಪಕ್ಕದ ಪಾರ್ಕಿಗೆ ಅವರ ಹೆಸರೇ ಇದೆ. ಶಾಲಾ ಮಾಸ್ತರರಾಗಿದ್ದವರು, ಡೆನ್ಮಾರ್ಕಿಗೆ ಹೋಗಿ ಹೋರಾಡಿ ಬಂದು 1915ರಲ್ಲಿ ಸರ್ಕಾರದ ಹಿಡಿತವಿಲ್ಲದ ಪತ್ರಿಕೆ ತೆಗೆದರು. ಅಂಟಿಸುವ ಕಲೆಗೆ ಪತ್ರಿಕೆಗಿಂತ ಒಳ್ಳೆಯ ವಸ್ತು ಯಾವುದು? ಅದಾಗಿ ಎರಡೇ ವರ್ಷಕ್ಕೆ, 1917ರ ಮಾರ್ಚ್ 31ರಂದು, ಡೆನ್ಮಾರ್ಕ್ ಈ ದ್ವೀಪಗಳನ್ನು 2.5 ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿತು. ಮಾರಬೇಕೇ ಬೇಡವೇ ಎಂದು ಡೆನ್ಮಾರ್ಕಿನ ಜನರನ್ನು ಮತ ಹಾಕಿಸಿ ಕೇಳಿದರು, ದ್ವೀಪದವರಿಗೆ ಆ ಮತವಿರಲಿಲ್ಲ.

ಆ ಊರಿನಲ್ಲೇ ಕೆಲಸ ಮಾಡುವ ಕಲಾವಿದೆ ಲಾ ವಾನ್ ಬೆಲ್ ಅವರ ಕೃತಿಗಳನ್ನು ಹುಡುಕಿ ನೋಡಿ. ಮಳೆ ಬಂದು ಮಣ್ಣು ಕೊಚ್ಚಿದಾಗ ದ್ವೀಪದಲ್ಲಿ ಹಳೆಯ ಪಿಂಗಾಣಿಯ ಚೂರುಗಳು ಮೇಲೆ ಬರುತ್ತವೆ, ನೀಲಿ ಹೂಬಳ್ಳಿಯ ತುಂಡುಗಳು. ಅಲ್ಲಿಯವರು ಅದನ್ನು ಚೇನಿ ಎನ್ನುತ್ತಾರೆ. ಮಕ್ಕಳು ಅವನ್ನು ತೇದು ಗುಂಡಗೆ ಮಾಡಿ ಆಟದ ದುಡ್ಡು ಮಾಡಿಕೊಳ್ಳುತ್ತಿದ್ದರು. ಧಣಿಯ ಮನೆಯ ಒಡೆದ ತಟ್ಟೆ ಗುಲಾಮರ ಮೊಮ್ಮಕ್ಕಳ ಕೈಯಲ್ಲಿ ನಾಣ್ಯವಾಯಿತು. ಬೆಲ್ ಆ ಚೂರುಗಳ ವಿನ್ಯಾಸವನ್ನು ದೊಡ್ಡ ವರ್ಣಚಿತ್ರಗಳಾಗಿಸಿದ್ದಾರೆ. 2018ರಲ್ಲಿ ಅವರೂ ಡೆನ್ಮಾರ್ಕಿನ ಜೆನೆಟ್ ಎಲರ್ಸ್ ಅವರೂ ಸೇರಿ ಕೋಪನ್‌ಹೇಗನ್ನಿನ ಹಳೆಯ ವೆಸ್ಟ್ ಇಂಡಿಯಾ ಉಗ್ರಾಣದ ಮುಂದೆ ಕ್ವೀನ್ ಮೇರಿಯ ಬೃಹತ್ ಪ್ರತಿಮೆ ನಿಲ್ಲಿಸಿದರು. ಅದರ ಪೀಠದಲ್ಲಿ ಕೂರಿಸಿದ್ದು ಸೇಂಟ್ ಕ್ರಾಯ್‌ನಿಂದ ಒಯ್ದ ಹವಳದ ಕಲ್ಲುಗಳನ್ನು. ನಾನು ಗೋಡೆಯಲ್ಲಿ ಕಂಡದ್ದು, ಗುಲಾಮರು ಕಡಿದದ್ದು, ಅದೇ ಹವಳ. ಇಟ್ಟಿಗೆ ಬಂದ ದಾರಿಯಲ್ಲಿ ಹವಳವನ್ನು ವಾಪಸು ಕಳಿಸಿದ ಹಾಗೆ. ಅವರ ದಾರಿಯನ್ನು ನಕಲು ಮಾಡಬೇಡಿ, ಚೇನಿಯನ್ನು ಅವರಿಗೇ ಬಿಡಿ. ವಸ್ತುವಿನ ಆಯ್ಕೆಯಲ್ಲೇ ಅರ್ಧ ಮಾತು ಹೇಳುವುದು ಹೇಗೆ ಎಂಬುದನ್ನು ಮಾತ್ರ ಕಲಿಯಿರಿ.

ಇನ್ನು ಹಕ್ಕಿನ ಪ್ರಶ್ನೆ. ನೀವು ಅಲ್ಲಿಯವರಲ್ಲ, ಅವರ ನೋವನ್ನು ನಿಮ್ಮದೆಂದು ಹೇಳುವಂತಿಲ್ಲ. ಹಾಗೆಂದು ನೀವು ಪೂರ್ತಿ ಹೊರಗಿನವರೂ ಅಲ್ಲ. ಡೆನ್ಮಾರ್ಕಿನವರು 1620ರಲ್ಲಿ ತಂಜಾವೂರಿನ ನಾಯಕರಿಂದ ತರಂಗಂಬಾಡಿಯನ್ನು ಪಡೆದು ಕೋಟೆ ಕಟ್ಟಿದರು. ಭಾರತದ ಹತ್ತಿಬಟ್ಟೆ ಕೋಪನ್‌ಹೇಗನ್ನಿಗೆ ಹೋಗಿ, ಅಲ್ಲಿಂದ ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಗೆ ಹೋಗಿ, ಮನುಷ್ಯರಿಗೆ ಬದಲಾಗಿ ಕೈಬದಲಾಯಿಸಿತು. ಆ ಮನುಷ್ಯರು ಬಂದಿಳಿದದ್ದು ನಿಮ್ಮ ಉಗ್ರಾಣದ ಅಂಗಳಕ್ಕೆ. ನಮ್ಮ ನೇಕಾರನ ಮಗ್ಗದ ಬಟ್ಟೆ ಆ ಹರಾಜಿನ ದಾರಿಯಲ್ಲೇ ಇದೆ. ಪಕ್ಕದ ಫ್ರೆಡೆರಿಕ್‌ಸ್ಟೆಡ್‌ಗೆ ಯಾವ ಐದನೆಯ ಫ್ರೆಡೆರಿಕ್‌ನ ಹೆಸರಿದೆಯೋ ಅದೇ ದೊರೆಯ ಹೆಸರು ಬಂಗಾಳದ ಸೆರಾಂಪುರಕ್ಕೂ ಇತ್ತು, ಫ್ರೆಡೆರಿಕ್‌ನಗರ ಎಂದು. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲೇ, ಡ್ಯಾನಿಶ್ ಬಾವುಟದ ಅಡಿಯಲ್ಲಿ. ಗುಲಾಮಗಿರಿ ಹೋದ ಮೇಲೆ, 1863ರಲ್ಲಿ, ಮಾರ್ಸ್ ಎಂಬ ಹಡಗು ಕಲ್ಕತ್ತೆಯಿಂದ ಮುನ್ನೂರಕ್ಕೂ ಹೆಚ್ಚು ಭಾರತೀಯರನ್ನು ಕರಾರಿನ ಕೂಲಿಗಳಾಗಿ ಸೇಂಟ್ ಕ್ರಾಯ್‌ಗೆ ತಂದು ಇಳಿಸಿತು. ಕರಾರು ಮುಗಿದ ಮೇಲೆ ಬಹಳಷ್ಟು ಜನ ಹಿಂತಿರುಗಿದರು.

ಇಷ್ಟು ನಿಮ್ಮ ಎಳೆ. ತೆಳುವಾದ ಎಳೆ, ಕೃತಿಯಲ್ಲೂ ತೆಳುವಾಗಿಯೇ ಇರಲಿ. ಅಮ್ಮನ ಹಳೆಯ ಕೈಮಗ್ಗದ ಹತ್ತಿ ಸೀರೆಯ ಅಂಗೈಯಗಲದ ತುಂಡೊಂದನ್ನು ಉಗ್ರಾಣದ ಬಾಗಿಲಿನ ಅಡಿಯಲ್ಲಿ ಅಂಟಿಸಿ, ಮೇಲೆ ಸುಣ್ಣದ ನೀರಿನಂಥ ಕೋಟು ಎಳೆದುಬಿಡಿ. ಹತ್ತಿರ ಬಂದು ನೋಡಿದವರಿಗೆ ನೇಯ್ಗೆ ಕಂಡರೆ ಸಾಕು. ಅದನ್ನು ನಡುವೆ ತಂದು ದೊಡ್ಡದು ಮಾಡಿದರೆ ಅವರ ಕಥೆಯ ಮೇಲೆ ನೀವೂ ಒಂದು ಪದರ ಹೇರಿದಂತಾಗುತ್ತದೆ.

ಕೃತಿ ಮುಗಿದ ಮೇಲೆ ವಾರ್ನಿಷ್ ಹಚ್ಚಲು ಅವಸರ ಮಾಡಬೇಡಿ. ಎರಡು ವಾರ ಒಣಗಲಿ. ಅಷ್ಟರಲ್ಲಿ ಫ್ರೀ ಗಟ್‌ನಲ್ಲೋ, ನೀವು ತರಕಾರಿ ಕೊಳ್ಳುವ ಕಡೆಯೋ, ಆ ಊರಿನಲ್ಲೇ ಹುಟ್ಟಿ ಬೆಳೆದ ಇಬ್ಬರು ಮೂವರು ಹಿರಿಯರಿಗೆ ತೋರಿಸಿ, ಅವರು ಎಲ್ಲಿ ಬೆರಳಿಡುತ್ತಾರೆ ನೋಡಿ. ಅವರು ಇದು ಸರಿಯಿಲ್ಲ ಎಂದ ಜಾಗವನ್ನು ಸ್ಯಾಂಡ್ ಪೇಪರಿನಿಂದ ತೆಗೆದು ಮತ್ತೆ ಮಾಡಬಹುದು. ವಾರ್ನಿಷ್ ಬಿದ್ದ ಮೇಲೆ ಆ ಜಾಗಕ್ಕೆ ಕೈ ಹಾಕುವುದು ಕಷ್ಟ. ಗಾಜು ಹಾಕಿಸುವುದಾದರೆ ಕೃತಿಗೂ ಗಾಜಿಗೂ ನಡುವೆ ಕಾಲಂಗುಲವಾದರೂ ಸಂದಿ ಬಿಡಿಸಿ, ಇಲ್ಲದಿದ್ದರೆ ನಿಮ್ಮೂರಿನ ತೇವಕ್ಕೆ ಎರಡೂ ಅಂಟಿಕೊಳ್ಳುತ್ತವೆ. ಆರನೆಯದು ಈ ಹಂತಕ್ಕೆ ಬಂದಾಗ ಫೋಟೊ ಕಳಿಸಿ. ಬೆಳಿಗ್ಗೆಯ ಓರೆಬೆಳಕಿನಲ್ಲಿ ತೆಗೆಯಿರಿ, ಮೇಲ್ಮೈಯ ಉಬ್ಬುತಗ್ಗು ನನಗೆ ಕಾಣಬೇಕು.